ಹೂವಿನ ಮೇಲೆ ಹೂ ಕೂರಿಸುವ ಕೆಲಸ

ಹೊಲಿಗೆ ತರಗತಿಯ ಹುಡುಗಿಯರು ಮೊನ್ನೆ ನನ್ನನ್ನು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಹಳೆಯ ಮರದ ಪೆಟ್ಟಿಗೆಗೆ ಬಣ್ಣ ಬಳಿದು ಹೂ ಬಿಡಿಸುವುದು ಈಗ ಮತ್ತೆ ಬಂದಿದೆಯಂತೆ. ಕತ್ತರಿಸಿದ ಸ್ಟೆನ್ಸಿಲ್ ಅಂಗಡಿಯಲ್ಲೇ ಸಿಗುತ್ತದೆ, ಡಬ್ಬಿ ತೆರೆದರೆ ಬಣ್ಣ ಸಿದ್ಧ. ಮಧ್ಯಾಹ್ನದೊಳಗೆ ಒಬ್ಬೊಬ್ಬರೂ ಒಂದೊಂದು ಪೆಟ್ಟಿಗೆ ಮುಗಿಸಿ ನನ್ನ ಮುಂದೆ ಸಾಲಾಗಿ ಇಟ್ಟರು. ಚೆನ್ನಾಗಿಯೇ ಇದ್ದವು. ನಿಮ್ಮ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ, ಬರೆದು ಕೊಡಿ ಅಜ್ಜಿ ಎಂದು ಒಬ್ಬಳು ಕೇಳಿದಳು. ಬಾಯಲ್ಲಿ ಹೇಳಿದರೆ ನಾನು ಅಡ್ಡದಾರಿ ಹಿಡಿಯುತ್ತೇನೆ ಎಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಬರೆದರೂ ಅಡ್ಡದಾರಿ ಹಿಡಿಯುತ್ತೇನೆ. ಅದು ಅವಳ ಹಣೆಬರಹ.

ಮೂಡುಬಿದಿರೆ ಪೇಟೆಯಲ್ಲಿ ನನ್ನ ಸೋದರಮಾವ ಸಂಜೀವ ಮೇಸ್ತ್ರಿಯವರದ್ದು ಒಂದು ಬಣ್ಣದ ಅಂಗಡಿ ಇತ್ತು. ಬಣ್ಣ ಮಾರುವ ಅಂಗಡಿಯಲ್ಲ, ಬಳಿಯುವ ಅಂಗಡಿ. ಮಕ್ಕಳ ತೊಟ್ಟಿಲು, ಕನ್ನಡಿಯ ಚೌಕಟ್ಟು, ಅಂಗಡಿಗಳ ಹೆಸರಿನ ಹಲಗೆ ಎಲ್ಲವೂ ಬರುತ್ತಿದ್ದವು. ಆದರೆ ಹೆಚ್ಚಾಗಿ ಬರುತ್ತಿದ್ದದ್ದು ಪೆಟ್ಟಿಗೆ. ನಾನು ಅಲ್ಲಿಗೆ ಸೇರುವಾಗ ಇಪ್ಪತ್ತು ದಾಟಿತ್ತು, ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದೆ. ಮಾವನ ಕಣ್ಣು ಮಂಜಾಗಿ ಸಣ್ಣ ಎಸಳು ಕತ್ತರಿಸಲು ಆಗದೆ ಹೋದಾಗ, ಬೀಡಿ ಎಲೆ ಕತ್ತರಿಸುವ ಕೈ ಹೂವನ್ನೂ ಕತ್ತರಿಸೀತು ಎಂದು ನನ್ನನ್ನು ಕರೆದರು. ಹೆಣ್ಣು ಮಕ್ಕಳು ಪೇಟೆಯ ಅಂಗಡಿಯಲ್ಲಿ ಕೂರುವುದು ಆಗ ಇರಲಿಲ್ಲ. ನಾಲ್ಕು ದಿನ ಊರು ಮಾತಾಡಿತು, ಆಮೇಲೆ ಅದೇ ಊರು ಪೆಟ್ಟಿಗೆ ಹಿಡಿದುಕೊಂಡು ಬಂತು.

ಹೊಸ ಪೆಟ್ಟಿಗೆ ಮಾಡಿಸುವ ಶಕ್ತಿ ಎಲ್ಲರಿಗೂ ಎಲ್ಲಿತ್ತು? ಬಂಟ್ವಾಳದ ಹಸನಬ್ಬ ಎಂಬವರು ಮಂಗಳೂರಿನಿಂದ ದೋಣಿಯಲ್ಲಿ ಬಂದ ಸಾಮಾನು ಅಂಗಡಿಗಳಿಗೆ ಇಳಿದ ಮೇಲೆ ಖಾಲಿ ಪೆಟ್ಟಿಗೆಗಳನ್ನು ಕೂಡಿಸಿ, ಬಸ್ಸಿನ ತಲೆಗೆ ಹಾಕಿ ನಮಗೆ ಕಳಿಸುತ್ತಿದ್ದರು. ಚಹಾದ್ದು, ಸಾಬೂನಿನದ್ದು, ಖರ್ಜೂರದ್ದು. ಚಹಾ ಪೆಟ್ಟಿಗೆಯ ಹಲಗೆ ತೆಳು, ಸಾಬೂನಿನದ್ದು ಗಟ್ಟಿ. ಖರ್ಜೂರದ ಪೆಟ್ಟಿಗೆಯನ್ನು ಬಿಸಿನೀರಲ್ಲಿ ಉಜ್ಜದೆ ಬಣ್ಣ ಹಾಕಿದಿರೋ, ಸೀರೆಗಿಂತ ಮೊದಲು ಇರುವೆ ಒಳಗೆ ಸೇರುತ್ತದೆ. ಮೊಳೆ ಕಿತ್ತು, ಸಂದಿಗೆ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ತಿಕ್ಕಬೇಕು. ಉಪ್ಪುಕಾಗದ ಮುಗಿದರೆ ಗರಗರ ಎನ್ನುವ ಒಂದು ಕಾಡುಮರದ ಎಲೆ ಇತ್ತು, ಅದರಲ್ಲಿ ತಿಕ್ಕುತ್ತಿದ್ದೆವು. ಬೆರಳಿನ ಗೆರೆಯೂ ಸವೆದು ಹೋಗುತ್ತಿತ್ತು.

ಈಗಿನವರು ಸ್ಟೆನ್ಸಿಲ್ ಎನ್ನುವುದನ್ನು ನಾವು ಅಚ್ಚು ಎನ್ನುತ್ತಿದ್ದೆವು. ದಪ್ಪ ರಟ್ಟಿಗೆ ಎಣ್ಣೆ ಕುಡಿಸಿ ಒಣಗಿಸಿ, ಅದರಲ್ಲಿ ಹೂವಿನ ಆಕಾರ ಕತ್ತರಿಸಿ ತೆಗೆದರೆ ಅಚ್ಚು. ಅದನ್ನು ಪೆಟ್ಟಿಗೆಯ ಮೇಲೆ ಒತ್ತಿ ಹಿಡಿದು, ತುದಿ ಮೊಂಡಾದ ಕುಂಚಕ್ಕೆ ಅರೆ ಒಣಗಿದ ಬಣ್ಣ ತಾಗಿಸಿ ಕುಟ್ಟಬೇಕು. ಎಳೆಯಬಾರದು. ಎಳೆದರೆ ಬಣ್ಣ ಅಡಿಗೆ ನುಗ್ಗಿ ಹೂವಿಗೆ ಮೀಸೆ ಬರುತ್ತದೆ. ಅಚ್ಚು ಎತ್ತುವಾಗ ಉಸಿರು ಬಿಡಬಾರದು ಎಂದು ಮಾವನ ಕಾನೂನು. ನಾನು ಉಸಿರು ಬಿಟ್ಟದ್ದು ಅವರಿಗೆ ಬೆನ್ನ ಹಿಂದಿನಿಂದಲೂ ಕೇಳುತ್ತಿತ್ತು. ಕುಂಚದ ಹಿಡಿಯಲ್ಲಿ ಬೆರಳ ಗಂಟಿಗೆ ಒಂದು ಬಿಡುತ್ತಿದ್ದರು. ಬೈಗುಳದಲ್ಲಿ ಅವರಷ್ಟು ಧಾರಾಳಿಯನ್ನು ನಾನು ಆಮೇಲೆ ಕಾಣಲಿಲ್ಲ. ಗಿರಾಕಿಗಳ ಮನೆಯ ಸುದ್ದಿ ಎತ್ತಿದರೆ ಮಾತ್ರ ಬೈಯುತ್ತಿರಲಿಲ್ಲ, ಮೆಲ್ಲಗೆ ಒಂದೇ ಮಾತು: ನಮ್ಮದು ಪೆಟ್ಟಿಗೆಯ ಕೆಲಸ, ಮನೆಯ ಕೆಲಸ ಅಲ್ಲ.

ಎಡವಟ್ಟುಗಳೂ ಆದವು. ಚಾರ್ಮಾಡಿ ಕಡೆಯ ರಸ್ತೆ ಕೆಲಸದಲ್ಲಿ ಬಂಡೆ ಒಡೆಯುವ ಮದ್ದು ಬರುತ್ತಿದ್ದ ಪೆಟ್ಟಿಗೆಗಳು ಒಮ್ಮೆ ಬೆಳ್ತಂಗಡಿಯಿಂದ ನಮ್ಮ ಕೈಗೆ ಸಿಕ್ಕಿದವು. ಅಂಥ ಮರ, ಅಂಥ ಮೂಲೆಗೂಡಿಸಿದ ಕೆಲಸ! ಮಾವ ನಾಲ್ಕು ಬದಿ ತಾವರೆ ಕೂರಿಸಿದರು, ಅಡಿಭಾಗದಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಯಾರು ನೋಡುತ್ತಾರೆ ಎಂದು ತಿಕ್ಕದೆ ಬಿಟ್ಟರು. ಅದು ಒಂದು ದೊಡ್ಡ ಮನೆಯ ಅಡುಗೆಕೋಣೆ ಸೇರಿ, ಒಲೆಯ ಪಕ್ಕದಲ್ಲಿ ಮೆಣಸು ಜೀರಿಗೆ ತುಂಬಿಕೊಂಡು ಸುಖವಾಗಿತ್ತು. ಇಂಗ್ಲಿಷ್ ಓದಲು ಬರುವ ನೆಂಟನೊಬ್ಬ ಅದನ್ನು ಮಗುಚಿ ನೋಡುವ ತನಕ. ಮನೆಯವರೆಲ್ಲ ಅಂಗಳಕ್ಕೆ ಓಡಿ, ಯಾರೋ ಧೈರ್ಯ ಮಾಡಿ ಮೆಣಸಿನ ಸಮೇತ ಪೆಟ್ಟಿಗೆಯನ್ನು ಕೆರೆಗೆ ಎಸೆದರಂತೆ. ಮರುದಿನ ಯಜಮಾನರು ಅದನ್ನು ತೇಲಿದಲ್ಲಿಂದ ಎತ್ತಿ, ನೀರು ಸುರಿಸುತ್ತ ತಂದು ನಮ್ಮ ಮುಂದೆ ಕುಕ್ಕಿದರು. ಮಾವ ಅವರ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಬಣ್ಣ ಮಾತ್ರ ಒಂಚೂರೂ ಬಿಟ್ಟಿಲ್ಲ ಎಂದು ನನಗೆ ಹೇಳಿದರು. ಯಜಮಾನರು ಇನ್ನೂ ಅಲ್ಲೇ ನಿಂತಿದ್ದರು.

ಹೆಚ್ಚಿನ ಪೆಟ್ಟಿಗೆಗಳು ಮದುವೆಯವು. ಹುಡುಗಿ ಗಂಡನ ಮನೆಗೆ ಹೋಗುವಾಗ ಬಳೆ, ಕುಪ್ಪಸ, ಕನ್ನಡಿ ಇಡಲು ಸಣ್ಣ ಪೆಟ್ಟಿಗೆ. ಎಷ್ಟು ಹುಡುಗಿಯರಿಗೆ ನಾನು ಹೂ ಕೂರಿಸಿದೆನೋ ಲೆಕ್ಕವಿಲ್ಲ. ನನಗೊಂದು ಪೆಟ್ಟಿಗೆ ಮಾಡಿಸುವ ಸಂದರ್ಭ ಬರಲಿಲ್ಲ, ಅದಕ್ಕೆ ಈಗ ಬೇಸರವೂ ಇಲ್ಲ. ಬೇಸರ ಇರುವುದು ಬೇರೊಂದು ಪೆಟ್ಟಿಗೆಯ ಬಗ್ಗೆ. ಹುಡುಗಿಯರೇ, ಅಡ್ಡದಾರಿ ಇಲ್ಲಿಂದ ಶುರು.

ಶಿರ್ತಾಡಿಯ ಪದ್ದಕ್ಕ ನನಗೆ ಮೊದಲೇ ಗೊತ್ತಿದ್ದವರು. ಗಂಡ ತೀರಿಹೋಗಿ ಇಬ್ಬರು ಹೆಣ್ಣು ಮಕ್ಕಳನ್ನು ಸಾಕಿದ ಹೆಂಗಸು, ಗಟ್ಟಿಗಿತ್ತಿ. ದೊಡ್ಡವಳು ಲಲಿತಾ, ಸಣ್ಣವಳು ಸುಮತಿ. ಲಲಿತಳಿಗೆ ಮುಂಡಾಜೆಯ ಕಡೆ ಮದುವೆ ಗೊತ್ತಾದಾಗ ತಾಯಿ ಅವಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಕೇಳಿದ್ದು ರತ್ನಗಂಧಿ ಹೂ. ಅದು ಸುಲಭದ ಹೂವಲ್ಲ, ಉದ್ದುದ್ದ ಕೇಸರ. ಎಸಳಿಗೆ ಒಂದು ಅಚ್ಚು, ಕೇಸರಕ್ಕೆ ಬೇರೆ ಅಚ್ಚು. ಅವಳಿಗೋಸ್ಕರವೇ ಎರಡನ್ನೂ ಕತ್ತರಿಸಿದೆ. ಕೆಂಪು ಎಸಳು, ಹಳದಿ ಅಂಚು, ಹಿಂದೆ ಹಾಲಿನ ಕೆನೆಯ ಬಣ್ಣ. ಈ ಕೆಂಪು ಮಾಸುವುದಿಲ್ಲವಷ್ಟೆ ಎಂದು ಅವಳು ಕೇಳಿದ್ದಕ್ಕೆ, ನೀನು ಅಜ್ಜಿಯಾದರೂ ಮಾಸುವುದಿಲ್ಲ ಎಂದು ಮಾವ ಹೇಳಿದ್ದರು.

ಹೆರಿಗೆಯಾಗಿ ವಾರ ಕಳೆಯುವುದರೊಳಗೆ ಲಲಿತಾ ಹೋದಳು. ಜ್ವರ ಏರಿತು, ಇಳಿಯಲಿಲ್ಲ ಎಂದು ಸುದ್ದಿ ಬಂತು. ಹೆಣ್ಣು ಮಗು ಉಳಿಯಿತು.

ಮಳೆಗಾಲ ಮುಗಿದ ಮೇಲೆ ಪದ್ದಕ್ಕ ಬಸ್ಸಿನಿಂದ ಇಳಿದು ಅಂಗಡಿಗೆ ಬಂದರು. ಕಂಕುಳಲ್ಲಿ ಅದೇ ಪೆಟ್ಟಿಗೆ. ಸುಮತಿಯನ್ನು ಅದೇ ಮನೆಗೆ, ಅದೇ ಅಳಿಯನಿಗೆ ಕೊಡುವುದೆಂದು ತೀರ್ಮಾನವಾಗಿದೆ, ಈ ಪೆಟ್ಟಿಗೆಯನ್ನೇ ಹೊಸದು ಮಾಡಿ ಕೊಡಿ ಎಂದರು. ಹಾಗೆ ಕೊಡುವುದು ಆಗ ನಮ್ಮಲ್ಲಿ ಎಲ್ಲ ಕಡೆ ಇತ್ತು. ಯಾರೂ ತಪ್ಪು ಎನ್ನುತ್ತಿರಲಿಲ್ಲ, ಮಗುವಿಗೆ ಒಳ್ಳೆಯದಾಯಿತು ಎನ್ನುತ್ತಿದ್ದರು. ಪೆಟ್ಟಿಗೆಯ ಬದಿಯಲ್ಲಿ ತೊಟ್ಟಿಲು ತಾಗಿ ಗೀರು ಬಿದ್ದಿತ್ತು. ಮಾವ ಅದನ್ನು ನೋಡಿದವರು ಕೈಯಲ್ಲಿ ತೆಗೆದುಕೊಳ್ಳಲಿಲ್ಲ. ನನಗೆ ಕೊಡಲು ಹೇಳಿ, ಹಿಂದಿನ ಜಗಲಿಗೆ ಹೋಗಿ ಬಹಳ ಹೊತ್ತು ಕೂತರು. ಅಜ್ಜಿಯಾದರೂ ಎಂದ ತಮ್ಮ ಮಾತು ಅವರಿಗೆ ನೆನಪಾಗಿತ್ತು. ನನಗೂ ನೆನಪಾಗಿತ್ತು.

ಹೂ ಯಾವುದು ಎಂದು ಕೇಳಿದೆ. ಅದೇ ಎಂದರು ಪದ್ದಕ್ಕ.

ಇಲ್ಲಿ ಕೆಲಸದ ಒಂದು ಸಂಗತಿ ಹೇಳಬೇಕು. ಹಳೆಯ ಹೂವಿನ ಮೇಲೆ ಬರಿದೇ ಬಣ್ಣ ಬಳಿದರೆ ಹೂ ಹೋಗುವುದಿಲ್ಲ. ಅದರ ಅಂಚು ಸ್ವಲ್ಪ ಉಬ್ಬಿರುತ್ತದೆ. ಬೆಳಕು ಓರೆಯಾಗಿ ಬಿದ್ದರೆ ಹೊಸ ಬಣ್ಣದ ಅಡಿಯಿಂದ ಎದ್ದು ಕಾಣುತ್ತದೆ. ಅದಕ್ಕೆ ಎರಡೇ ದಾರಿ. ಒಂದೋ ಮರ ಕಾಣುವ ತನಕ ಕೆರೆಯಬೇಕು, ಇಲ್ಲವೇ ಅದೇ ಅಚ್ಚನ್ನು ಕೂದಲೆಳೆಯೂ ತಪ್ಪದಂತೆ ಹಳೆಯ ಹೂವಿನ ಮೇಲಿಟ್ಟು ಹೊಸ ಬಣ್ಣ ಕುಟ್ಟಬೇಕು. ಎರಡನೆಯದನ್ನು ನಮ್ಮ ಅಂಗಡಿಯಲ್ಲಿ ಹೂವಿನ ಮೇಲೆ ಹೂ ಎನ್ನುತ್ತಿದ್ದೆವು. ಚೆನ್ನಾಗಿ ಮಾಡಿದರೆ ಅಡಿಯಲ್ಲಿ ಇನ್ನೊಂದು ಇದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಎರಡು ದಿನ ಬಿಟ್ಟು ಸುಮತಿ ಒಬ್ಬಳೇ ಬಂದಳು. ಆಗ ಅವಳಿಗೆ ಹದಿನೇಳೋ ಹದಿನೆಂಟೋ. ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೇರಬೇಕೆಂದು ಆಸೆ ಇಟ್ಟುಕೊಂಡಿದ್ದ ಹುಡುಗಿ. ಶಾಲೆಯ ಮಾಸ್ಟ್ರು ಪದ್ದಕ್ಕನನ್ನು ಒಪ್ಪಿಸಿಯೂ ಆಗಿತ್ತು. ಅಕ್ಕ ಸತ್ತ ಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವಳು ಅಂಗಡಿಯ ಮೆಟ್ಟಿಲಲ್ಲೇ ನಿಂತು, ಒಳಗೆ ಮೇಜಿನ ಮೇಲಿದ್ದ ಪೆಟ್ಟಿಗೆ ನೋಡುತ್ತಿದ್ದಳು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಗಿರಿಜಕ್ಕ, ಅದನ್ನು ಪೂರಾ ಕೆರೆದು ತೆಗೀಲಿಕ್ಕೆ ಆಗ್ತದಾ?" ಎಂದಳು.

ಆಗುತ್ತದೆ, ಆದರೆ ಅಮ್ಮ ಬೇರೆ ಹೇಳಿದ್ದಾರಲ್ಲ ಎಂದೆ.

"ಅಕ್ಕನ ಗಂಡ, ಅಕ್ಕನ ಮನೆ, ಅಕ್ಕನ ಮಗು. ಸೀರೆಯೂ ಅಕ್ಕನದ್ದೇ ಉಂಟು. ಒಂದು ಪೆಟ್ಟಿಗೆಯಾದರೂ ನನ್ನದು ಅಂತ ಬೇಡವಾ? ಹೂ ಯಾವುದಾದರೂ ಆಗಬಹುದು, ಅದು ಮಾತ್ರ ಬೇಡ. ಅಕ್ಕನ ಮೇಲೆ ನನ್ನನ್ನು ಕೂರಿಸಿದ ಹಾಗೆ ಆಗ್ತದೆ."

ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು. ಮದುವೆ ಇಷ್ಟ ಇಲ್ಲವೆಂದು ಅಮ್ಮನಿಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿದ್ದಳಂತೆ. ಅಮ್ಮ ಆ ದಿನ ಊಟ ಮಾಡಲಿಲ್ಲವಂತೆ. ಆಮೇಲೆ ತಾನು ಹೇಳಲಿಲ್ಲ ಎಂದಳು. ಅಕ್ಕ ಹೋದಮೇಲೆ ಅಮ್ಮ ಕೂಳು ಬಿಟ್ಟು ಕಡ್ಡಿಯಾಗಿದ್ದರು, ಅವರನ್ನು ಇನ್ನೂ ಉಪವಾಸ ಕೆಡವಲು ಅವಳಿಂದ ಆಗಲಿಲ್ಲ.

ನಾನು ಕೆರೆಯಲು ಶುರು ಮಾಡಲಿಲ್ಲ, ಕುಂಚವನ್ನೂ ಹಿಡಿಯಲಿಲ್ಲ. ಪದ್ದಕ್ಕ ಪೇಟೆಗೆ ಬರುವ ತನಕ ಪೆಟ್ಟಿಗೆಯನ್ನು ಹಾಗೆಯೇ ಇಟ್ಟೆ. ಮಾವ ನೋಡಿಯೂ ಬೈಯಲಿಲ್ಲ. ಬಂದ ದಿನ ಅವರನ್ನು ಒಳಗೆ ಕೂರಿಸಿ, ನೀರು ಬೆಲ್ಲ ಕೊಟ್ಟು, ಬಾಯಿಗೆ ಬಂದ ಧೈರ್ಯದಲ್ಲಿ ಹೇಳಿಬಿಟ್ಟೆ: ಸುಮತಿಗೆ ಈ ಹೂ ಬೇಡವಂತೆ, ನಿಜ ಹೇಳುವುದಾದರೆ ಮದುವೆಯೇ ಬೇಡ, ಓದುವ ಹುಡುಗಿ, ಓದಲು ಬಿಡಿ ಪದ್ದಕ್ಕ. ಹಿಂದಿನಿಂದ ಮಾವ ಕೆಮ್ಮಿದರು. ನಮ್ಮದು ಪೆಟ್ಟಿಗೆಯ ಕೆಲಸ ಎಂದು ಆ ಕೆಮ್ಮಿನ ಅರ್ಥ.

ಪದ್ದಕ್ಕ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಆಗಲಿಲ್ಲ. ಸೆರಗಿನಲ್ಲಿ ಪೆಟ್ಟಿಗೆಯ ಮುಚ್ಚಳ ಒರೆಸುತ್ತ ಹೇಳಿದರು: "ನನಗೆ ಗೊತ್ತಿಲ್ಲ ಅಂತ ಅಂದುಕೊಂಡಿದ್ದೀಯಾ? ಹೆತ್ತವಳು ನಾನು. ಆ ಮನೆಯವರು ಬೇರೆ ಕಡೆ ಹುಡುಗಿ ನೋಡ್ಲಿಕ್ಕೆ ಹೊರಟಿದ್ದರು. ಬೇರೆ ಯಾರೋ ಬಂದು ನನ್ನ ಲಲಿತನ ಮಗುವನ್ನು ಮೂಲೆಗೆ ಹಾಕಿದರೆ ನಾನು ಯಾರನ್ನು ಕೇಳುವುದು? ಸುಮತಿಗೆ ಈಗ ಬೇಜಾರು ಉಂಟು, ಅವಳು ದೊಡ್ಡವಳು, ತಡ್ಕೊಳ್ತಾಳೆ. ಮಗು ತಡ್ಕೊಳ್ಳುವುದಿಲ್ಲ."

ಹೂವಿನ ಬಗ್ಗೆಯೂ ಅವರೇ ಹೇಳಿದರು. ಪೆಟ್ಟಿಗೆಯನ್ನು ಆ ಮನೆಯಲ್ಲಿ ತೊಟ್ಟಿಲ ಬದಿಗೆ ಇಟ್ಟಿದ್ದರಂತೆ. ಮಗು ಅತ್ತರೆ ಆ ಕೆಂಪು ಹೂ ನೋಡಿ ಸುಮ್ಮನಾಗುತ್ತಿತ್ತಂತೆ. ಅದಕ್ಕೇ ಅದೇ ಹೂ ಇರಲಿ, ಅದೇ ಜಾಗದಲ್ಲಿರಲಿ ಎಂದರು. ಒಬ್ಬಳು ಸರಿ, ಇನ್ನೊಬ್ಬಳು ತಪ್ಪು ಎಂದು ಹೇಳುವ ಹಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಹೂವಿನ ಮೇಲೆ ಹೂ ಕೂರಿಸಿದೆ. ಅಷ್ಟು ಸರಿಯಾಗಿ ನಾನು ಅದಕ್ಕೆ ಮೊದಲೂ ಕೂರಿಸಿರಲಿಲ್ಲ, ಆಮೇಲೂ ಇಲ್ಲ. ಮಾವ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಅಡಿಯದ್ದು ಎಲ್ಲಿಯೂ ಕಾಣಲಿಲ್ಲ. ಒಳ್ಳೆಯ ಕೆಲಸ ಎಂದು ಅವರು ಹೇಳಿದ್ದು ಅಪರೂಪ, ಆ ದಿನ ಹೇಳಿದರು. ಹೇಳದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಮದುವೆಗೆ ನಮಗೆ ಹೇಳಿಕೆ ಬಂದಿತ್ತು, ನಾವು ಹೋಗಲಿಲ್ಲ.

ಅದಾದ ಮೇಲೆ ಅಂಗಡಿಯಲ್ಲಿ ಒಂದು ಪದ್ಧತಿ ಬದಲಾಯಿತು. ಪೆಟ್ಟಿಗೆ ತಂದವರ ಬಳಿ ಅಲ್ಲ, ಅದು ಯಾರಿಗೋ ಅವರ ಬಳಿಯೇ ಹೂ ಯಾವುದೆಂದು ನಾನು ಕೇಳತೊಡಗಿದೆ. ಹುಡುಗಿಯನ್ನು ಕರೆದುಕೊಂಡು ಬನ್ನಿ ಎನ್ನುತ್ತಿದ್ದೆ. ಕೆಲವರು ನಕ್ಕರು, ಕೆಲವರು ಇದು ಯಾವ ರಗಳೆ ಎಂದು ಬೇರೆ ಅಂಗಡಿಗೆ ಹೋದರು. ಮಾವ ಇದಕ್ಕೂ ಬೈಯಲಿಲ್ಲ. ಅವರ ಕಣ್ಣು ಪೂರ್ತಿ ಹೋಗುತ್ತ ಬಂದಿತ್ತು. ಬಣ್ಣವನ್ನು ಮೂಸಿ ಇದು ಹಸುರು, ಇದು ನೀಲಿ ಎಂದು ಹೇಳುತ್ತಿದ್ದರು, ಅರ್ಧಕ್ಕರ್ಧ ತಪ್ಪು. ನಾನು ಸರಿ ಎನ್ನುತ್ತಿದ್ದೆ. ಕೊನೆಯ ವರ್ಷ ಬಾಗಿಲ ಹತ್ತಿರ ಬೆಂಚಿನ ಮೇಲೆ ಕೂತು, ನಾನು ಕುಟ್ಟುವ ಸದ್ದು ಕೇಳಿಯೇ ಬಣ್ಣ ನೀರಾಯಿತು, ದಪ್ಪವಾಯಿತು ಎಂದು ಬೈಯುತ್ತಿದ್ದರು. ಆ ಬೆಂಚಿನ ಮೇಲೆಯೇ ಒಂದು ಮಧ್ಯಾಹ್ನ ಹೋದರು. ಕುಂಚದ ಹಿಡಿ ಬೆರಳ ಗಂಟಿಗೆ ಬೀಳುವುದಿಲ್ಲವಲ್ಲ ಎಂದು ನಾನು ಆಮೇಲೆ ಎಷ್ಟೋ ದಿನ ಕೆಲಸದ ನಡುವೆ ಅತ್ತದ್ದುಂಟು.

ಅಷ್ಟರಲ್ಲಿ ರಟ್ಟಿನ ಅಚ್ಚು ಹೋಗಿ ಎಕ್ಸ್‌ರೇ ಹಾಳೆಯ ಅಚ್ಚು ಬಂತು. ಪೇಟೆಯ ಡಾಕ್ಟರರ ಕಂಪೌಂಡರು ಬೇಡವಾದ ಹಾಳೆಗಳನ್ನು ಕೊಡುತ್ತಿದ್ದರು. ಎಣ್ಣೆ ಕುಡಿಸಬೇಕಿಲ್ಲ, ತೊಳೆದರೆ ಮತ್ತೆ ಹೊಸದು. ತೊಳೆಯದೆ ಕತ್ತರಿಸಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಯಾರದೋ ಎದೆಗೂಡು ಕಾಣುತ್ತಿತ್ತು. ಯಾರ ಪಕ್ಕೆಲುಬೋ, ಅವರು ಬದುಕಿದರೋ ಇಲ್ಲವೋ, ಅವರ ಎದೆಯ ನಡುವಿನಿಂದ ನಾವು ಮಲ್ಲಿಗೆಯನ್ನೂ ಗಿಣಿಯನ್ನೂ ಮದುವಣಗಿತ್ತಿಯರ ಪೆಟ್ಟಿಗೆಗೆ ಇಳಿಸಿದ್ದೇವೆ. ಗಿರಾಕಿಗಳೂ ಕಡಿಮೆಯಾಗಿದ್ದರು. ಬಿ.ಸಿ.ರೋಡಿನ ಅಂಗಡಿಗಳಲ್ಲಿ ತಗಡಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಿದ್ದರು, ಗುಲಾಬಿ ಹೂ ಕಾರ್ಖಾನೆಯಿಂದಲೇ ಬಂದಿರುತ್ತಿತ್ತು. ಹಸನಬ್ಬ ಪೆಟ್ಟಿಗೆ ಕಳಿಸುವುದನ್ನು ನಿಲ್ಲಿಸಿದರು. ಮರ ಇಲ್ಲವೆಂದಲ್ಲ, ಕೇಳುವವರಿಲ್ಲ ಎಂದು ಅವರೇ ಒಮ್ಮೆ ಬಂದು ಬೇಸರದಲ್ಲಿ ಹೇಳಿ ಹೋದರು.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಸುಮತಿ ಬಂದಳು. ಶಿರ್ತಾಡಿಗೆ ತಾಯಿಯನ್ನು ನೋಡಲು ಬಂದಿದ್ದಳಂತೆ. ಜೊತೆಗೆ ಒಂದು ಹುಡುಗಿ, ಎರಡು ಜಡೆ, ಮುಂದಿನ ಹಲ್ಲು ಬಿದ್ದಿತ್ತು. ಲಲಿತಳ ಮಗಳು ಶಾರದಾ. ಶಾಲೆಯ ಪುಸ್ತಕ ಇಡಲು ಅವಳಿಗೊಂದು ಸಣ್ಣ ಪೆಟ್ಟಿಗೆ ಬೇಕಿತ್ತು. ಮುಂಡಾಜೆಯಿಂದ ಇಲ್ಲಿಗೆ ಬಸ್ಸು ಬದಲಿಸಿ ಬಂದು ಮಾಡಿಸುವಂಥ ಕೆಲಸ ಅದಲ್ಲ. ತಗಡಿನದ್ದು ಬೆಳ್ತಂಗಡಿಯಲ್ಲೇ ಸಿಗುತ್ತದೆ. ನಾನು ಹಾಗೆ ಹೇಳಿದ್ದಕ್ಕೆ ಸುಮತಿ ಹುಡುಗಿಯನ್ನು ನನ್ನ ಮುಂದೆ ಕೂರಿಸಿದಳು.

"ಇವಳಿಗೆ ಇವಳ ಅಮ್ಮನ ಬಗ್ಗೆ ಹೇಳಿ ಗಿರಿಜಕ್ಕ," ಎಂದಳು. "ಅಲ್ಲಿ ಯಾರೂ ಹೆಸರು ಎತ್ತುವುದಿಲ್ಲ. ನಮ್ಮಮ್ಮನಿಗೆ ಹೇಳ್ಲಿಕ್ಕೆ ಹೊರಟರೆ ಅಳು ಬರ್ತದೆ. ನಾನು ಹೇಳಿದ್ದನ್ನೇ ಹೇಳ್ತಾ ಇದ್ದೇನೆ."

ನನಗೆ ಗೊತ್ತಿದ್ದದ್ದು ಬಹಳ ಕಡಿಮೆ. ಲಲಿತಾ ಅಂಗಡಿಗೆ ಬಂದದ್ದೇ ಎರಡು ಸಲ. ಆದರೂ ಹುಡುಗಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು, ಹೇಳಿದೆ. ನಿನ್ನ ಅಮ್ಮ ಮೊದಲು ನವಿಲು ಬೇಕೆಂದಳು, ಆಮೇಲೆ ಬಾವಿಕಟ್ಟೆಯ ಹತ್ತಿರ ಹೂ ಬಿಡುವ ರತ್ನಗಂಧಿಯೇ ಇರಲಿ ಎಂದಳು. ಬಣ್ಣ ಹಸಿ ಇರುವಾಗಲೇ ಬಗ್ಗಿ ನೋಡಲು ಹೋಗಿ ಜಡೆಯ ತುದಿ ಕೆಂಪಾಯಿತು. ನಮ್ಮ ಮಾವ ಬೈಯುವ ಮೊದಲೇ ಅವಳು ನಗಲು ಶುರು ಮಾಡಿದಳು, ಮಾವನಿಗೆ ಬೈಯಲು ಆಗಲಿಲ್ಲ. ಸೀಮೆ‌ಎಣ್ಣೆಯಲ್ಲಿ ಒರೆಸಿ ಕೊಡುತ್ತೇನೆ ಎಂದರೆ ಬೇಡವೆಂದಳು. ತಂಗಿಗೆ ತೋರಿಸಲಿಕ್ಕುಂಟು ಎಂದು ಹಾಗೆಯೇ ಹೋದಳು.

"ತೋರಿಸಿದ್ದಳಾ?" ಎಂದು ಹುಡುಗಿ ಸುಮತಿಯನ್ನು ಕೇಳಿದಳು. ಸುಮತಿ ಹೌದೆಂದು ತಲೆಯಾಡಿಸಿದಳು. ಅವಳು ಆಗ ಅತ್ತಳು. ಮದುವೆಗೆ ಮೊದಲು ನಮ್ಮ ಮೆಟ್ಟಿಲಲ್ಲಿ ನಿಂತಾಗ ಅಳದಿದ್ದವಳು.

ಶಾರದೆಗೆ ಹೂ ಆರಿಸಲೆಂದು ಇದ್ದ ಅಚ್ಚುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಅವಳು ಹೆಚ್ಚು ಯೋಚಿಸಲಿಲ್ಲ, ಗಿಣಿಯ ಮೇಲೆ ಬೆರಳಿಟ್ಟಳು. ಹಸುರು ಗಿಣಿ, ಕೆಂಪು ಕೊಕ್ಕು ಎಂದು ಬಣ್ಣವನ್ನೂ ಹೇಳಿಯಾಯಿತು. ಆಮೇಲೆ ಏನೋ ಹೊಳೆದವಳಂತೆ ತಿರುಗಿ, "ಅಮ್ಮಾ, ನಿನಗೆ ಮದುವೆ ಆಗುವಾಗ ನೀನು ಯಾವ ಹೂ ಆರಿಸಿದ್ದು?" ಎಂದು ಕೇಳಿದಳು.

"ನನ್ನನ್ನು ಯಾರೂ ಕೇಳಲಿಲ್ಲ," ಎಂದಳು ಸುಮತಿ.

ಹುಡುಗಿಗೆ ಅದು ಸರಿ ಕಾಣಲಿಲ್ಲ. ಅ‌ಚ್ಚುಗಳನ್ನೆಲ್ಲ ತಾಯಿಯ ಕಡೆಗೆ ದೂಡಿ, ಹಾಗಾದರೆ ಈಗ ಆರಿಸು ಎಂದಳು. ನಾನೂ ಅದನ್ನೇ ಹೇಳಿದೆ. ಒಂದು ಒಳ್ಳೆಯ ಸಾಬೂನಿನ ಪೆಟ್ಟಿಗೆ ಇದೆ, ಮರ ಗಟ್ಟಿ, ನಿನಗೆ ಬೇಕಾದ ಹೂ ಹೇಳು, ಸಂಜೆಯೊಳಗೆ ಮುಗಿಸುತ್ತೇನೆ ಎಂದೆ. ಸುಮತಿ ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮಲ್ಲಿಗೆ, ತಾವರೆ, ಸೇವಂತಿಗೆ, ಎಲೆಬಳ್ಳಿ. ನೋಡಿದ್ದನ್ನು ಬದಿಗಿಟ್ಟು ಮತ್ತೊಂದು ತೆಗೆದಳು, ಬದಿಗಿಟ್ಟದ್ದನ್ನೇ ತಿರುಗಿ ಎತ್ತಿದಳು. ನಾನು ಕೈಯಲ್ಲಿ ಕುಂಚ ಹಿಡಿದು ಕಾಯುತ್ತಿದ್ದೆ. ಹೊರಗೆ ಬಸ್ಸು ಒಂದು ಬಂದು ಹೋಯಿತು. ಕೊನೆಗೆ ಅವಳು ಎಲ್ಲವನ್ನೂ ಒಟ್ಟುಮಾಡಿ ಮಗಳ ಮುಂದೆ ಇಟ್ಟಳು.

"ನೀನೇ ಒಂದು ಹೇಳು ಮಗಾ," ಎಂದಳು. "ನನಗೆ ಆರಿಸಿ ಗೊತ್ತಿಲ್ಲ."